ಕಾಲ್ಗುಣ

ಸೋರೆಬುರುಡೆ ಯಾರ ಕೈಯಲ್ಲಿದೆಯೋ ಮಾತು ಅವರದು.
ವಿಲ್ಮಾರನ ಮಾಂಸದಂಗಡಿಯ ಹಿತ್ತಿಲಲ್ಲಿ ಇದೇ ಕಾನೂನು.
ಕಹಿ ಎಲೆ, ಬಿಸಿನೀರು, ಎಲ್ಲರ ಬಾಯಿಗೂ ಒಂದೇ ಕೊಳವೆ;
ಹೀರಿ ಮುಗಿಸುವ ತನಕ ಬುರುಡೆ ಬಿಡಬಹುದು,
ಯಾರೂ ತಡೆಯುವುದಿಲ್ಲ.

ಸಾಲಾಗಿ ಹನ್ನೊಂದು ಪಂದ್ಯ ಸೋತಿದ್ದ ನಮ್ಮೂರ ತಂಡ
ಈಗ ಸಾಲಾಗಿ ಒಂಬತ್ತು ಗೆದ್ದಿದೆ.
ಯಾಕೆ ಅಂತ ಕೇಳಿ, ಉರುಗ್ವೆ ನದಿಗೆ ಇರುವಷ್ಟು ತಿರುವು.

ಹೊಸ ಕೋಚು, ಎಂದ ವಿಲ್ಮಾರ್,
ಚಾಕುವಿನ ಬೆನ್ನಲ್ಲಿ ಹಲಗೆ ಕುಟ್ಟುತ್ತ.
ಹಳಬ ಎಲ್ಲರನ್ನೂ ಹಿಂದೆಯೇ ಅಡಗಿಸುತ್ತಿದ್ದ,
ಸಾಲ ಕೊಟ್ಟವನು ಬಾಗಿಲಿಗೆ ಬಂದ ಹಾಗೆ.
ಕೋಚು ಬಂದದ್ದು ಮಾರ್ಚಿನಲ್ಲಿ, ಆಮೇಲೂ ನಾಲ್ಕು ಸೋತೆವಲ್ಲ?
ಇದು ಹೆಬೆರ್. ನಿವೃತ್ತ ಅಂಚೆಯವ, ತಾರೀಖು ಮರೆಯುವುದಿಲ್ಲ.
ಅವನ ಪ್ರಕಾರ ಎಲ್ಲ ಆ ಗುಬ್ಬಿ ಹುಡುಗನ ಎಡಗಾಲು,
ಹದಿನಾರು ವರ್ಷ, ಇನ್ನೂ ಮೀಸೆ ಬಂದಿಲ್ಲ.

ಔಷಧಿ ಅಂಗಡಿಯ ಗ್ಲಾದಿಸ್‌ಳಿಗೆ ನಗು.
ಗೋಲಿ ಪೆರೆಯ್ರಾ ಮದುವೆಯಾದನಲ್ಲ, ಯಾವ ವಾರ? ನೆನಪಿಸಿಕೊಳ್ಳಿ.
ಆ ಹುಡುಗಿ ಹೊಸ್ತಿಲು ದಾಟಿದ್ದೇ ತಡ
ಚೆಂಡು ಗೆರೆ ದಾಟುವುದನ್ನು ಬಿಟ್ಟಿತು.

ಬಸ್ಸು ಮಾರಾಯರೇ, ಬಸ್ಸು! ರೂಬೆನ್ ಎದ್ದೇ ನಿಂತ.
ಕೆಸರಲ್ಲಿ ಹೂತ ಬಸ್ಸು, ಡ್ರೈವರ್ ಕೈಚೆಲ್ಲಿ ಕೂತಿದ್ದ,
ಹನ್ನೊಂದು ಮಂದಿಯೂ ಒಂದೇ ದಿಕ್ಕಿಗೆ ತಳ್ಳಿದ್ದು
ಅವತ್ತೇ ಮೊದಲು.

ಗೆದ್ದ ಎತ್ತಿಗೆ ಅದೆಷ್ಟು ಬಾಲ!

ನಾಯಿಗೆಂದು ಮೂಳೆ ಒಯ್ಯಲು ಬಂದ ನಿಬಿಯಾ
ನಿಂತೇ ಎರಡು ಗುಟುಕು ಹೀರಿದಳು.
ತಂಡದ ಅಂಗಿ ಒಗೆಯುವವಳು; ಬೆರಳು ಸೋಡಾಕ್ಕೆ ಬಿರಿದಿವೆ.
ಮೊದಲೆಲ್ಲ ಮೂರು ಅಂಗಿಗಷ್ಟೇ ಸೋಪು ಸವೆಯುತ್ತಿತ್ತು,
ಉಳಿದವು ಇಸ್ತ್ರಿ ಮಡಿಕೆ ಸಮೇತ ವಾಪಸು.
ಈಗ ಹನ್ನೊಂದೂ ಒಂದೇ ಬಣ್ಣ.
ಬಸ್ಸಿನ ಕೆಸರೇ, ಎಂದ ರೂಬೆನ್.
ರಸ್ತೆಯದು ಕೆಂಪು, ಮೈದಾನದ್ದು ಕಪ್ಪು, ಎಂದಳು.
ಗೆದ್ದದ್ದಕ್ಕೆ ಕೊಳೆಯಾದವೋ, ಕೊಳೆಯಾದದ್ದಕ್ಕೆ ಗೆದ್ದರೋ
ಅದು ನನ್ನ ತೊಟ್ಟಿಗೆ ತಿಳಿಯುವುದಿಲ್ಲ.

ಬುರುಡೆ ನನ್ನ ಕೈಗೆ ಬಂತು.

ನನಗೆ ಗೊತ್ತು ಯಾಕೆ ಅಂತ.
ಹನ್ನೊಂದನೆಯ ಸೋಲಿನ ದಿನ, ಏಳು-ಸೊನ್ನೆ ಆದಾಗ
ಅಪ್ಪ ಕೂರುತ್ತಿದ್ದ ಸಿಮೆಂಟ್ ಮೆಟ್ಟಿಲ ಮೇಲೆ ನಿಂತು
ಆ ಗುಬ್ಬಿ ಹುಡುಗನ ತಾಯಿಯನ್ನು ಎಳೆದು ಬೈದೆ.
ಅವನು ತಿರುಗಿ ನೋಡಿದ. ಕೋಪವಿರಲಿಲ್ಲ.
ದಾರಿ ಕೇಳುವವರು ನೋಡುತ್ತಾರಲ್ಲ, ಹಾಗೆ.
ಅವತ್ತಿನಿಂದ ನಾನು ಗೇಟು ದಾಟಿಲ್ಲ.
ಅವತ್ತಿನಿಂದ ಅವರು ಸೋತಿಲ್ಲ.

ಭಾನುವಾರ ನದಿ ದಡದಲ್ಲಿ ಎರೆಯಿಲ್ಲದ ಗಾಳ ಹಾಕಿ ಕೂರುತ್ತೇನೆ.
ಉತ್ತರದ ಗಾಳಿಯಾದರೆ ಕೂಗು ನನಗೆ ಕೇಳುತ್ತದೆ.
ಗಾಳಿ ತಿರುಗಿದರೆ ಸದ್ದೆಲ್ಲ ಆಚೆ ದಡಕ್ಕೆ, ಅರ್ಜೆಂಟೀನಾಕ್ಕೆ;
ನಮ್ಮ ಗೋಲು ಅಲ್ಲಿನ ದನಗಳಿಗೆ ಮೊದಲು ತಿಳಿಯುತ್ತದೆ.
ಮೂವತ್ತೊಂದು ವರ್ಷ ತುಳಿದ ಕಾಲು
ಒಳಗೆ ಇಡದಿದ್ದರೇ ಊರಿಗೆ ಒಳ್ಳೆಯದು
ಅಂತ ಯಾರಿಗೆ ಹೇಳಲಿ?

ಗ್ರಾಸಿಯಾಸ್, ಎಂದು ಬುರುಡೆ ಮರಳಿಸಿದೆ.
ಇಲ್ಲಿ ಹಾಗೆಂದರೆ ಧನ್ಯವಾದವಲ್ಲ: ಸಾಕು, ಇನ್ನು ಬೇಡ.

ಬಾಗಿಲ ತನಕ ಬಂದ ನಿಬಿಯಾ, ಮೂಳೆಯ ಪೊಟ್ಟಣ ಕಂಕುಳಲ್ಲಿ,
ತಗ್ಗಿದ ದನಿಯಲ್ಲಿ:
ನಾನು ಒಗೆಯುವ ನಲ್ಲಿಯಿಂದ ನದಿ ಕಾಣುತ್ತದೆ.
ನಿನ್ನ ಮೆಟ್ಟಿಲ ಮೇಲೆ ಈಗ ಕರಿದ ರೊಟ್ಟಿ ಮಾರುವವ
ಬುಟ್ಟಿ ಇಡುತ್ತಾನೆ. ಗೆದ್ದದ್ದು ಆ ಬುಟ್ಟಿಯ ಗುಣವೂ ಇರಬಹುದು.
ಹೇಳಿದರೆ ಸರಿಸುತ್ತಾನೆ, ಒಳ್ಳೆಯವನು.

ಭಾನುವಾರ ಕೊನೆಯ ಪಂದ್ಯ.
ಶನಿವಾರ ರಾತ್ರಿ ಶೂಗೆ ಪಾಲಿಶ್ ಹಚ್ಚುತ್ತಿದ್ದೇನೆ,
ಎಡಗಾಲಿನದು ಮುಗಿದಿದೆ.